ನೇಣಿನವನ ಗೋರಿಗೆ ನೀರು

ಪೋಲ್ತಾವಾ ಸೀಮೆಯಲ್ಲಿ ಮೂರು ತಿಂಗಳಿಂದ ಮಳೆಯಿರಲಿಲ್ಲ. ನೇಣು ಹಾಕಿಕೊಂಡವರಾರೋ ಚರ್ಚಿನ ಪವಿತ್ರ ಮಣ್ಣಿನಲ್ಲಿ ಮಲಗಿ ಮೋಡ ತಡೆಯುತ್ತಿದ್ದಾರೆ, ಅಗೆದು ಹೆಣದ ಮೇಲೆ ನೀರು ಸುರಿಯಬೇಕು ಎಂದು ಹೆಂಗಸರು ಕೊಡ, ಗುದ್ದಲಿ ಹಿಡಿದು ಬಂದರು. ಕುಡುಕ ಪ್ರೋಕಿಪನ ಗೋರಿಯ ಮುಂದೆ ನಿಂತರು. ಅವನ ತಾಯಿ ಅದನ್ನು ತಬ್ಬಿ ಬಿದ್ದಿದ್ದಳು.

"ನನ್ ಮಗ ಜ್ವರ ಬಂದ್ ಸತ್ತ ಕಣ್ರೇ!"

"ಜ್ವರಾನೋ ಹಗ್ಗಾನೋ, ಅಗೆದ್ರೆ ಗೊತ್ತಾಗುತ್ತೆ. ಏಳೇ ಮುದುಕಿ," ಎಂದಳು ಮೋತ್ರ್ಯಾ, ನನ್ನತ್ತ ತಿರುಗಿ. "ಟೀಚರಮ್ಮ, ಓದಿದೋರು ನೀವೇ ಹೇಳಿ."

ಹೆಣ ಮಳೆ ತಡೆಯುವುದಿಲ್ಲವೆಂದು ಎಷ್ಟೋ ಸಲ ಹೇಳಿದ್ದೆ, ಯಾರೂ ಕೇಳಲಿಲ್ಲ. ಗಂಡ ಒಸ್ತಾಪನನ್ನು ಹಗ್ಗದಿಂದ ಇಳಿಸಿ, ಅಟ್ಟದಿಂದ ಬಿದ್ದನೆಂದು ಪಾದ್ರಿಗೆ ಸುಳ್ಳು ಹೇಳಿ, ಇಲ್ಲೇ ಹೂಳಿಸಿದವಳೂ ನಾನೇ.

ಗುದ್ದಲಿ ಮೇಲೆದ್ದಿತು. ನಾನು ಮೋತ್ರ್ಯಾಳ ಕೊಡ ಕಿತ್ತುಕೊಂಡು ಒಸ್ತಾಪನ ಶಿಲುಬೆಯತ್ತ ನಡೆದೆ.

"ಇಲ್ಲಿ ಅಗೀರಿ," ಎಂದೆ.