ಸೊನ್ನೆ ಬರುವವರೆಗೆ

ಗೋಡೆಯ ಸಾಕೆಟ್ಟಿನಿಂದ ಅಳಿಯನ ಮೊಬೈಲ್ ಚಾರ್ಜರನ್ನು ಕಿತ್ತು ದರ್ಜಿಯ ಹೆಂಡತಿ ನಡುಮನೆಗೆ ಎಸೆದಳು. ಅದು ಗಂಡನ ಹೆಣದ ಕಾಲ ಬಳಿ ಬಿತ್ತು. ಅಳುತ್ತಿದ್ದವರು ಅಳು ನಿಲ್ಲಿಸಿದರು.

"ಕಂಪ್ಯೂಟರಿನ ಪ್ಲಗ್ ತೆಗೆದಿದ್ದು ಯಾರು?"

"ನಾನೇ ಅತ್ತೆ," ಎಂದ ಅಳಿಯ. "ನೆಂಟರಿಗೆಲ್ಲ ಫೋನ್ ಮಾಡ್ಬೇಕಲ್ಲ, ಚಾರ್ಜ್ ಮುಗಿದಿತ್ತು. ಅದು ಸುಮ್ನೆ ಗುಂಯ್ ಅಂತಿತ್ತು."

"ಸುಮ್ನೆ ಅಂತೆ. ತಿಂಗಳುಗಟ್ಟಲೆ ಓಡಿದ್ದು ಅದು. ಹಾಲಿಗೆ ಹುಳಿ ಹಿಂಡಿಬಿಟ್ಟೆಯಲ್ಲಪ್ಪ."

"ವ್ಯಾನು ಬಂದಿದೆ ಅತ್ತಿಗೆ," ಎಂದ ಮೈದುನ. "ಈಗ ಅದೆಲ್ಲ ಯಾಕೆ? ದಿನಾ ಅದಕ್ಕೆ ಶಾಪ ಹಾಕ್ತಿದ್ದವರು ನೀವೇ."

"ಶಾಪ ಹಾಕೋ ಹಕ್ಕು ನನಗಿತ್ತು. ಇದು ಶುರುವಾಗೋ ತನಕ ಅವರನ್ನ ಯಾರೂ ಎತ್ತಕೂಡದು."

ಮೈದುನ ಹೇಳಿದ್ದು ಸುಳ್ಳಲ್ಲ. ಆ ಯಂತ್ರ ಅವಳ ಪಾಲಿಗೆ ಸವತಿಯೇ. ಅದರ ಕಾವಿಗೆ ಮಲಗುವ ಕೋಣೆ ಬೇಯುತ್ತಿತ್ತು.

*

ದಿನವಿಡೀ ಬಟ್ಟೆ ಕತ್ತರಿಸುವ ಮನುಷ್ಯನಿಗೆ ಮನೆಗೆ ಬಂದ ಮೇಲೆ ಕತ್ತರಿಸಲಾಗದ್ದೇ ಬೇಕಿತ್ತು.

"ಎರಡನ್ನ ಎರಡರಿಂದ ಗುಣಿಸ್ತಾ ಗುಣಿಸ್ತಾ ಹೋಗಿ, ಕೊನೇಲಿ ಒಂದು ಕಳೆದದ್ದು ಈ ಸಂಖ್ಯೆ," ಎಂದಿದ್ದ ಊಟಕ್ಕೆ ಕೂತಾಗ. "ಬರೀತಾ ಹೋದ್ರೆ ಅಂಗಡೀಲಿರೋ ಬಟ್ಟೆ ಥಾನೆಲ್ಲ ಸಾಲಲ್ಲ. ಒಂದು ಮತ್ತೆ ತಾನು, ಇವೆರಡು ಬಿಟ್ರೆ ಇನ್ಯಾವುದರಿಂದಲೂ ಭಾಗ ಆಗಲ್ವಾ ಅಂತ ನೋಡ್ತಿದೀನಿ."

"ನಿಮ್ಮ ಹಾಗೇ. ಯಾರ ಪಾಲಿಗೂ ಬರಲ್ಲ."

ಅವನು ನಕ್ಕು ಮುಂದುವರಿಸಿದ್ದ. "ನಾಲ್ಕರಿಂದ ಶುರು. ಅದನ್ನ ವರ್ಗ ಮಾಡಿ, ಎರಡು ಕಳೆದು, ಈ ದೊಡ್ಡ ಸಂಖ್ಯೆಯಿಂದ ಭಾಗಿಸಬೇಕು. ಉಳಿದದ್ದನ್ನ ಮತ್ತೆ ವರ್ಗ ಮಾಡಬೇಕು. ಹೀಗೇ ಕೋಟಿಗಟ್ಟಲೆ ಸಲ. ಕೊನೇಲಿ ಸೊನ್ನೆ ಉಳಿದ್ರೆ ಅದು ಅವಿಭಾಜ್ಯ."

"ಏನೂ ಉಳೀಲಿಲ್ಲ ಅನ್ನೋಕೆ ಇಷ್ಟು ಕಷ್ಟಾನಾ? ಉಳಿದ್ರೆ ಏನ್ಮಾಡ್ತೀರಿ?"

"ಮುಂದಿನ ಸಂಖ್ಯೆ ಹಿಡೀತೀನಿ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಸೌಟು ಕುಕ್ಕಿ ಎದ್ದುಹೋದಳು. ಆದರೂ ಮರುದಿನ ಗುಡಿಸುವಾಗ ಕಂಪ್ಯೂಟರಿನ ವಯರಿಗೆ ಪೊರಕೆ ತಾಗದಂತೆ ಗುಡಿಸಿದಳು. ಹಾಗೆ ಗುಡಿಸುವ ತನ್ನ ಮೇಲೂ ಅವಳಿಗೆ ಸಿಟ್ಟು ಬಂತು.

*

ಪ್ಲಗ್ ಮತ್ತೆ ಹಾಕಿ ಮಗಳು ಕಂಪ್ಯೂಟರಿನ ಮುಂದೆ ಕೂತಿದ್ದಳು. "ಎಲ್ಲಾ ಹೋಗಿಲ್ಲಮ್ಮ. ಮಾಡಿದ ಲೆಕ್ಕಾನ ಅದೇ ಆಗಾಗ ಉಳಿಸಿಕೊಳ್ಳುತ್ತಂತೆ. ಬೆಳಿಗ್ಗೆ ಎಲ್ಲಿತ್ತೋ ಅಲ್ಲಿಂದ ಶುರುವಾಗ್ತಿದೆ."

"ಇನ್ನೆಷ್ಟು ದಿನ?"

"ತಿಂಗಳ ಮೇಲೇ ಆಗುತ್ತೆ."

"ಆಗ್ಲಿ. ಸೊನ್ನೆ ಬರ್ಲಿ, ಬರದೇ ಇರ್ಲಿ, ಮುಗೀಬೇಕು. ನನ್ನ ಆಯಸ್ಸೆಲ್ಲ ತಿಂದು ಅರ್ಧಕ್ಕೆ ಬಿಟ್ಟುಹೋದ್ರೆ ಸುಮ್ನಿರ್ತೀನಾ? ಮುಗಿದ ದಿನ ನಾನೇ ಇದನ್ನ ಎತ್ತಿ ಬೀದಿಗೆ ಎಸೀತೀನಿ."

ನಡುಮನೆಯಲ್ಲಿ ನಾಲ್ವರು ಬಾಗಿ ಹೆಣ ಎತ್ತಿದರು. "ಕೊನೇ ಸಲ ಮುಖ ನೋಡಿ ಅತ್ತಿಗೆ," ಎಂದು ಮೈದುನ ಕರೆದ.

ಅವಳು ಬೆಳಿಗ್ಗೆಯೇ ಗಂಡನ ಹಣೆ ಮುಟ್ಟಿ ನೋಡಿದ್ದಳು. ತಣ್ಣಗಿತ್ತು. ಈಗ ಕಂಪ್ಯೂಟರಿನ ಪಕ್ಕೆಯ ತಗಡಿನ ಮೇಲೆ ಅಂಗೈ ಊರಿ ನಿಂತಳು. ಹೊರಗೆ ವ್ಯಾನು ಒಂದೇ ಸಮನೆ ಹಾರ್ನ್ ಹೊಡೆಯುತ್ತಿತ್ತು. ತಗಡು ಬೆಚ್ಚಗಾಗುವವರೆಗೂ ಅವಳು ಕೈ ತೆಗೆಯಲಿಲ್ಲ.