ಇಖ್ಲಾಸ್ ಎಬ್ಬಿಸಿದ ಗೋಡೆ

ಮಗಳು ಇಖ್ಲಾಸ್ ಜ್ವರದಿಂದ ತೀರಿಕೊಂಡಳೆಂದು ಅತ್ಬರಾದಿಂದ ಅಳಿಯ ಫೋನು ಮಾಡಿದಾಗ, ಖಿದಿರ್ ಹಾಜಿ ಸುಡಾನ್ ದೇಶದ ಓಮ್ದುರ್ಮಾನಿನ ತಮ್ಮ ಮನೆಯಲ್ಲಿ ಅವಳ ದನಿಯನ್ನೇ ಕೇಳುತ್ತಿದ್ದರು. ಅಪ್ಪನಿಗೆಂದು ಅವಳು ಕುರಾನಿನ ಯಾಸೀನ್ ಅಧ್ಯಾಯವನ್ನು ಓದಿ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದಳು. ಬೆಳಗಿನ ನಮಾಜು ಮುಗಿಸಿ, ಹಾಲಿನ ಚಹಾ ಹಿಡಿದು ಅದನ್ನು ಕೇಳದೆ ಅವರ ದಿನ ಮೊದಲಾಗುತ್ತಿರಲಿಲ್ಲ. ಫೋನು ಕೆಳಗಿಟ್ಟ ಮೇಲೂ ದನಿ ಓದುತ್ತಲೇ ಇತ್ತು. ನಿಲ್ಲಿಸಲು ಅವರಿಗೆ ಕೈ ಬರಲಿಲ್ಲ.

ಬೀದಿಯಲ್ಲಿ ಹಾಕಿದ್ದ ಸಾವಿನ ಚಪ್ಪರ ಬಿಚ್ಚಿದ ಮಾರನೆಯ ದಿನ ಕಂಪ್ಯೂಟರ್ ಏಳಲೇ ಇಲ್ಲ. ರಿಪೇರಿಯ ಮುತಸಿಮ್ ಬಂದು ಬಿಚ್ಚಿ ನೋಡಿದ.

"ಹಾಜಿ ಮಾಮಾ, ಡಿಸ್ಕಿನ ಸಿ ಭಾಗ ಪೂರ್ತಿ ಕೆಟ್ಟಿದೆ, ಒಂದಕ್ಷರ ಓದೋಕಾಗಲ್ಲ. ಒರೆಸಿ ಹೊಸದಾಗಿ ಹಾಕ್ಬೇಕು. ಡಿ ಭಾಗ ಚೆನ್ನಾಗಿದೆ. ಯಾಸೀನ್ ಎಲ್ಲಿಟ್ಟಿದ್ರಿ?"

"ಎದುರಿಗೇ ಕಣಪ್ಪ. ಶುರುವಾದ ತಕ್ಷಣ ಪರದೆ ಮೇಲೇ ಕಾಣ್ತಿತ್ತು."

ಮುತಸಿಮನ ಮುಖ ಸಣ್ಣದಾಯಿತು. "ಪರದೆ ಮೇಲಿಟ್ಟಿದ್ದೆಲ್ಲ ಸಿ ಒಳಗೇ ಇರುತ್ತೆ ಮಾಮಾ."

ಹಾಜಿಯ ತಂಗಿ ಬತೂಲ್ ಬಾಗಿಲಲ್ಲೇ ನಿಂತು ಸಿಡುಕಿದಳು. "ಆ ಹುಡುಗಿ ಎಷ್ಟು ಬಡ್ಕೊಂಡ್ಳು! ಕೇಳಿದ್ಯಾ ಅಣ್ಣಾ ನೀನು? ಒಳಮನೆ ಬಿಟ್ಟು ದಿವಾನಖಾನೆಯಲ್ಲಿ ಮಂಚ ಹಾಕ್ಕೊಳ್ಳೋ ಗಂಡಸಿಗೆ ಯಾರು ಬುದ್ಧಿ ಹೇಳ್ತಾರೆ!"

ಹಾಜಿಗೆ ಎಲ್ಲ ನೆನಪಿತ್ತು. ಹಿಂದಿನ ಹಬ್ಬಕ್ಕೆ ಬಂದಿದ್ದಾಗ ಇಖ್ಲಾಸ್ ಇಡೀ ಮಧ್ಯಾಹ್ನ ಕೂತು ಡಿಸ್ಕನ್ನು ಎರಡು ಭಾಗ ಮಾಡಿದ್ದಳು.

"ಇರೋದೊಂದು ಡಬ್ಬಿ, ಅದನ್ನೂ ಪಾಲು ಮಾಡ್ತೀಯೇನೇ? ನಾನಿನ್ನೂ ಸತ್ತಿಲ್ಲ!" ಎಂದು ಅವರು ಕೆಣಕಿದ್ದರು.

"ಪಾಲಲ್ಲಪ್ಪಾ, ಗೋಡೆ. ಸಿ ಅಂದ್ರೆ ನಮ್ಮ ದಿವಾನಖಾನೆ. ಊರೆಲ್ಲ ಬಂದು ಹೋಗುತ್ತೆ, ಹಾಳಾದ್ರೂ ಮತ್ತೆ ಕಟ್ಬಹುದು. ಡಿ ಒಳಮನೆ. ನಮ್ಮದೆಲ್ಲ ಅಲ್ಲಿರ್ಲಿ."

ಅವರು ತಲೆಯಾಡಿಸಿದ್ದರು. ಅವಳ ಬಸ್ಸು ಹೊರಟದ್ದೇ ತಡ, ಡಿ ಒಳಗಿದ್ದ ಯಾಸೀನನ್ನು ಎಳೆದು ತಂದು ಪರದೆಯ ನಡುವೆ ಇಟ್ಟುಕೊಂಡಿದ್ದರು. ಕಣ್ಣೆದುರು ಇದ್ದದ್ದೇ ಭದ್ರ ಎಂಬುದು ಅವರ ನಂಬಿಕೆ.

ಮುತಸಿಮ್ ತನ್ನ ಬೇರೊಂದು ಡಿಸ್ಕಿನಿಂದ ಯಂತ್ರವನ್ನು ಎಬ್ಬಿಸಿ ಡಿ ಭಾಗವನ್ನು ತೆರೆದ. ಮದುವೆಯ ಚಿತ್ರಗಳು ಕಂಡವು, ಅಜ್ಜಿಯ ಹಾಡುಗಳು ಕಂಡವು. ಆಮೇಲೆ ಅವನು ಜೋರಾಗಿ ನಕ್ಕುಬಿಟ್ಟ.

"ಯಾಸೀನ್ ಇಲ್ಲಿದೆ ಮಾಮಾ! ಪರದೆಯ ಜಾಗಾನೇ ಎತ್ತಿ ಡಿ ಒಳಗೆ ಇಟ್ಟಿದ್ದಾರೆ. ನೀವು ಎದುರಿಗೆ ಏನಿಟ್ಟರೂ ಒಳಮನೆಗೇ ಹೋಗಿದೆ. ಯಾವ ಎಂಜಿನಿಯರ್ ಮಾಡಿದ್ದು?"

ಹಾಜಿ ರುಮಾಲು ಸರಿಮಾಡಿಕೊಂಡು ನೆಟ್ಟಗೆ ಕುಳಿತರು. "ಎಂಜಿನಿಯರ್ ಅಲ್ಲಪ್ಪ, ಭೂಗೋಳದ ಟೀಚರು. ನನ್ನ ಮಗಳು."

"ಅಪ್ಪ ಮಾತು ಕೇಳೋನಲ್ಲ ಅಂತ ಗೊತ್ತಿತ್ತು ಅವಳಿಗೆ," ಎಂದಳು ಬತೂಲ್, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ.

"ಗೊತ್ತಿತ್ತು. ನನ್ನ ಜೊತೆ ವಾದ ಮಾಡೋ ಬದಲು ಗೋಡೇನೇ ನನ್ನ ಸುತ್ತ ಕಟ್ಟಿಹೋದಳು!"

ಅಂದು ಸಂಜೆ ದುಃಖ ಕೇಳಲು ಬಂದವರಿಗೆಲ್ಲ ಹಾಜಿ ಇದನ್ನೇ ಹೇಳಿದರು. ಹೇಳಿದಷ್ಟೂ ಎದೆ ಉಬ್ಬುತ್ತಿತ್ತು. ಕೊನೆಗೆ ಮುತಸಿಮ್ ಸರಿಮಾಡಿಕೊಟ್ಟಿದ್ದ ಕಂಪ್ಯೂಟರಿನಲ್ಲಿ ಆ ದನಿಯನ್ನು ಹಚ್ಚಿದರು. ಮಗಳು ಓದಿ ಮುಗಿಸುವವರೆಗೂ ದಿವಾನಖಾನೆಯಲ್ಲಿ ಯಾರೂ ಚಹಾ ಮುಟ್ಟಲಿಲ್ಲ. ಆಮೇಲೆ ಎಲ್ಲರೂ ಪ್ರಾರ್ಥನೆಗೆ ಅಂಗೈ ತೆರೆದರು, ಹಾಜಿ ಬೇಡಿಕೊಂಡರು:

"ಕರುಣಾಮಯನೇ, ನನ್ನದನ್ನು ಒಳಮನೆಯಲ್ಲಿ ಕಾಪಾಡಿದವಳನ್ನು ನಿನ್ನ ಒಳಮನೆಯಲ್ಲಿ ಇಟ್ಟುಕೋ. ಅವಳ ಗೋರಿಯನ್ನು ವಿಶಾಲ ಮಾಡು, ಅಲ್ಲಿ ಬೆಳಕು ತುಂಬು, ಅವಳಿಗೆ ಶಾಂತಿ ಕೊಡು. ಆಮೀನ್."