ಇಪ್ಪತ್ತನಾಲ್ಕು ಹಾಳೆ ವಿಕಿರಣ

ಪುಸ್ತಕ ಕಟ್ಟುವ ಬೈಂಡರನ ಹೆಂಡತಿಗೆ ಕೆಮ್ಮು ಹತ್ತಿಕೊಂಡು ಮೂರು ವಾರ ಆಗಿತ್ತು. ಮೊದಲ ವಾರ ಬಿಸಿನೀರು ಕುಡಿದಳು. ಎರಡನೆಯ ವಾರ ಔಷಧಿ ಅಂಗಡಿಯವನು ಕೊಟ್ಟ ಸಿರಪ್ಪು ಕುಡಿದಳು. ಮೂರನೆಯ ವಾರ ಜ್ವರವೂ ಸೇರಿಕೊಂಡಾಗ ಡಾಕ್ಟರ ಹತ್ತಿರ ಹೋದಳು. ಅವರು ಬೆನ್ನಿಗೆ ಸ್ಟೆತಾಸ್ಕೋಪು ಇಟ್ಟು ಕೇಳಿ, ಮಾತ್ರೆಗಳ ಕೆಳಗೆ ಇನ್ನೊಂದು ಸಾಲು ಬರೆದರು. ಎದೆಯ ಎಕ್ಸ್‌ರೇ, ತಡ ಮಾಡಬೇಡಿ.

ಚೀಟಿ ನೋಡಿದ್ದೇ ತಡ, ಬೈಂಡರನ ಮುಖ ಕಪ್ಪಿಟ್ಟಿತು.

"ಎಕ್ಸ್‌ರೇ ಅಂದ್ರೆ ಏನು ಗೊತ್ತೇನೇ? ರೇಡಿಯೇಷನ್ನು! ಅಣ್ಣನ್ನ ತಿಂದಿದ್ದು ಸಾಲ್ದಾ ಅದಕ್ಕೆ? ನಿನ್ನನ್ನೂ ಕೊಟ್ಟು ಕೈ ತೊಳ್ಕೊಳ್ಲಾ?"

"ಒಂದು ಫೋಟೋ ತಾನೇ ರೀ..." ಅನ್ನುವಷ್ಟರಲ್ಲಿ ಅವಳಿಗೆ ಮತ್ತೆ ಕೆಮ್ಮು ಬಂತು. ಮಾತು ಅಲ್ಲಿಗೇ ನಿಂತಿತು. ಮಾತ್ರೆ ತಂದುಕೊಟ್ಟ, ಎಕ್ಸ್‌ರೇ ಮಾತು ಮಾತ್ರ ಮತ್ತೆ ಎತ್ತಬೇಡ ಎಂದ.

ಕಲ್ಲುಮನಸ್ಸಿನವನು ಎಂದುಕೊಳ್ಳಬೇಡಿ. ಹೆಂಡತಿ ಎಂದರೆ ಜೀವ ಬಿಡುವ ಮನುಷ್ಯ ಅವನು. ಆದರೆ ತಲೆಯಲ್ಲಿ ಒಂದು ಹೆದರಿಕೆ ಹೊಕ್ಕು ಕೂತಿತ್ತು, ಅದು ಯಾರ ಮಾತನ್ನೂ ಒಳಗೆ ಬಿಡುತ್ತಿರಲಿಲ್ಲ.

ಅವರ ಮನೆ, ಕೆಲಸ ಎರಡೂ ಒಂದೇ ಜಾಗದಲ್ಲಿ, ಹಳೆಯ ಕಲ್ಲುಕಟ್ಟಡದ ನೆಲಮಾಳಿಗೆಯಲ್ಲಿ. ಬೀದಿಯಿಂದ ಏಳು ಮೆಟ್ಟಿಲು ಇಳಿಯಬೇಕು. ಮುಂದಿನ ಅರ್ಧದಲ್ಲಿ ಹಾಳೆ ಕತ್ತರಿಸುವ ಯಂತ್ರ, ಪುಸ್ತಕ ಒತ್ತುವ ಪ್ರೆಸ್ಸು, ಅಂಟಿನ ಡಬ್ಬ, ರಟ್ಟಿನ ರಾಶಿ. ಪರದೆಯ ಆಚೆ ಮಂಚ, ಒಲೆ, ಕೊಳಾಯಿ. ಅಣ್ಣ ತಮ್ಮ ಇಬ್ಬರೂ ಮೂವತ್ತು ವರ್ಷ ಅಲ್ಲೇ ಕೂತು ಶಾಲೆಗಳ, ಕಚೇರಿಗಳ ಪುಸ್ತಕ ಕಟ್ಟಿದ್ದರು. ಅಣ್ಣ ಮದುವೆಯಾಗಲಿಲ್ಲ. ಸಿಗರೇಟು ಮುಟ್ಟಿದವನಲ್ಲ. ಆದರೂ ಶ್ವಾಸಕೋಶದ ಕ್ಯಾನ್ಸರ್ ಬಂದು ಹೋದ ವರ್ಷ ತೀರಿಕೊಂಡ.

ಎದುರು ಕಟ್ಟಡದ ಮೇಲೆ ಮೊಬೈಲ್ ಟವರ್ ನಿಂತು ಎರಡು ವರ್ಷವಾಗಿತ್ತು. ಅದು ಬಂದ ವರ್ಷವೇ ಅಣ್ಣ ಹಾಸಿಗೆ ಹಿಡಿದಿದ್ದ. ಬೈಂಡರನಿಗೆ ಇನ್ನೇನು ಸಾಕ್ಷಿ ಬೇಕು? ಅಣ್ಣ ಇನ್ನೂ ಮಲಗಿದ್ದಾಗಲೇ ಬೀದಿ ಮಟ್ಟಕ್ಕಿದ್ದ ಎರಡು ಸಣ್ಣ ಕಿಟಕಿಗಳಿಗೂ ಬೆಳ್ಳಿಬಣ್ಣದ ಹಾಳೆ ಬಡಿದ, ಅದರ ಮೇಲೆ ದಪ್ಪ ರಟ್ಟು ಕೂರಿಸಿದ, ಸಂದಿಗೊಂದಿಗೆಲ್ಲ ಪಟ್ಟಿ ಅಂಟಿಸಿದ. ಅವನ ಕೈಕೆಲಸ ಕೇಳಬೇಕೆ, ಒಂದೆಳೆ ಬೆಳಕೂ ನುಸುಳದಷ್ಟು ಅಚ್ಚುಕಟ್ಟು. ಗಾಳಿಗೆ ಬಿಡಿ ಹಾಳೆ ಹಾರುವ ಕಾಟವೂ ತಪ್ಪಿತಲ್ಲ ಎಂದು ಒಳಗೊಳಗೇ ಹೆಮ್ಮೆ ಬೇರೆ.

ಅದೇ ವಾರದ ಕೊನೆಗೆ ಆರೋಗ್ಯ ಕೇಂದ್ರದ ನರ್ಸಮ್ಮ ಮೆಟ್ಟಿಲಿಳಿದು ಬಂದರು. ಅಣ್ಣ ಮಲಗಿದ್ದಾಗ ಇಂಜೆಕ್ಷನ್ ಕೊಡಲು ಬರುತ್ತಿದ್ದವರು, ಮನೆಮಂದಿಯ ಹಾಗೆ. ಈ ಸಲ ಅವರ ಚೀಲದಲ್ಲಿ ಇಂಜೆಕ್ಷನ್ ಇರಲಿಲ್ಲ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಕಪ್ಪು ಪ್ಲಾಸ್ಟಿಕ್ ಡಬ್ಬಿ ಇತ್ತು.

"ಬನ್ನಿ ಬನ್ನಿ ನರ್ಸಮ್ಮ, ಮೊದಲು ಇಲ್ಲೊಂದು ಸಹಿ ಹಾಕಿ. ಟವರ್ ತೆಗೆಸೋ ಅರ್ಜಿ. ಇನ್ನೂರು ಜನ ಹಾಕಿದ್ದಾರೆ."

"ಸಹಿ ಆಮೇಲೆ ಬೈಂಡರಣ್ಣ. ಈ ಕಿಟಕಿಗಳು ಇನ್ನೂ ಮುಚ್ಚೇ ಇವೆಯಲ್ಲ, ಯಾಕೆ?"

"ಮುಚ್ಚೇ ಇರ್ಬೇಕು. ರೇಡಿಯೇಷನ್ ಒಳಗೆ ಬರ್ಬಾರ್ದು ಅಂತ ನಾನೇ ಮುಚ್ಚಿದೀನಿ."

ನರ್ಸಮ್ಮ ನಗಲಿಲ್ಲ. ಮುಚ್ಚಿದ ಕಿಟಕಿ ನೋಡಿದರು, ಪರದೆಯ ಹಿಂದಿನ ಕೆಮ್ಮು ಕೇಳಿಸಿಕೊಂಡರು, ಆಮೇಲೆ ಸ್ಟೂಲಿನ ಮೇಲೆ ಕೂತರು.

"ಅಕ್ಕನಿಗೆ ಬರೆದ ಎಕ್ಸ್‌ರೇ ನೀವು ತೆಗೆಸಿಲ್ಲ ಅಂತ ಡಾಕ್ಟರು ಹೇಳಿದ್ರು. ನಾನು ಬಂದಿದ್ದೂ ರೇಡಿಯೇಷನ್ ವಿಷಯಕ್ಕೇ. ಆದ್ರೆ ಅದು ನಿಮ್ಮ ಮನೆಗೆ ಬರೋ ದೊಡ್ಡ ದಾರಿ ಕಿಟಕಿ ಅಲ್ಲ ಅಣ್ಣ. ನೆಲ."

"ನೆಲಾನಾ? ಬೆಳಿಗ್ಗೆ ಬೆಳಿಗ್ಗೆ ನಾನೇ ಸಿಕ್ಕಿದ್ನಾ ನಿಮಗೆ?"

"ತಮಾಷೆ ಅಲ್ಲ. ಕಲ್ಲು, ಮಣ್ಣಲ್ಲಿ ಯುರೇನಿಯಂ ಅನ್ನೋದು ಚೂರುಪಾರು ಇದ್ದೇ ಇರುತ್ತೆ. ಅದರಿಂದ ರೇಡಾನ್ ಅಂತ ಒಂದು ಅನಿಲ ಹುಟ್ಟುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ನೆಲದ ಬಿರುಕಲ್ಲಿ ಮೇಲೆ ಬರುತ್ತೆ. ಬಯಲಲ್ಲಾದ್ರೆ ಗಾಳೀಲಿ ಚದುರಿ ಹೋಗುತ್ತೆ. ಮುಚ್ಚಿದ ನೆಲಮಾಳಿಗೇಲಿ ಹೋಗೋಕೆ ದಾರಿ ಇಲ್ದೆ ಉಳ್ಕೊಳುತ್ತೆ. ಸಿಗರೇಟು ಬಿಟ್ರೆ ಶ್ವಾಸಕೋಶದ ಕ್ಯಾನ್ಸರ್‌ಗೆ ದೊಡ್ಡ ಕಾರಣಗಳಲ್ಲಿ ಅದೂ ಒಂದು."

ಬೈಂಡರ ಮೂಗು ಮುರಿದ. "ಕಾಣ್ದೇ ಇರೋದನ್ನ ನಂಬು ಅಂತೀರಿ. ಎದುರಿಗೆ ಕಾಣೋ ಟವರ್ ಬಿಡು ಅಂತೀರಿ."

"ನಂಬಬೇಡಿ. ಎಣಿಸಿ. ಒಂದು ಹಿಡಿ ಬಿಳಿ ಹಾಳೆ ಕೊಡಿ ಇಲ್ಲಿ."

ಹಾಳೆ ಎಂದರೆ ಬೈಂಡರನ ಕೈ ತಾನೇ ತಾನಾಗಿ ಚಾಚುತ್ತದೆ. ಕೊಟ್ಟ.

"ಒಂದು ಎದೆ ಎಕ್ಸ್‌ರೇಗೆ ಮೈಗೆ ಬೀಳೋ ವಿಕಿರಣ ಒಂದು ಹಾಳೆ ಅಂತ ಇಟ್ಕೊಳ್ಳಿ. ಎಷ್ಟೋ ಸಲ ಒಂದು ಹಾಳೆಯಷ್ಟೂ ಇರಲ್ಲ, ಇರ್ಲಿ. ಈಗ ಡಾಕ್ಟರ ಮುಖಾನೂ ನೋಡದೆ, ಭೂಮಿ ಮೇಲೆ ಸುಮ್ನೆ ಬದುಕಿದ್ರೆ ವರ್ಷಕ್ಕೆ ಎಷ್ಟು ಹಾಳೆ? ಇಡೀ ಪ್ರಪಂಚದ ಸರಾಸರಿ ಹೇಳ್ತೀನಿ. ಆಕಾಶದಿಂದ ಬರೋದು ನಾಲ್ಕು. ಮಣ್ಣು, ಗೋಡೆಯಿಂದ ಐದು. ತಿನ್ನೋದು ಕುಡಿಯೋದ್ರಿಂದ ಮೂರು."

"ತಿನ್ನೋದ್ರಲ್ಲೂ ಇದ್ಯಾ?"

"ಬಾಳೆಹಣ್ಣಲ್ಲೂ ಇದೆ, ನನ್ನ ಮೈಯಲ್ಲೂ ಇದೆ. ಹೆದರೋ ಅಷ್ಟಿಲ್ಲ. ಉಳಿದ ಹನ್ನೆರಡು ಉಸಿರಾಡೋ ಗಾಳಿಯಿಂದ, ಹೆಚ್ಚಿನದೆಲ್ಲ ಈ ರೇಡಾನ್‌ದೇ. ಎಷ್ಟಾಯ್ತು?"

"ಇಪ್ಪತ್ನಾಲ್ಕು," ಎಂದ ಬೈಂಡರ. ಹೆಬ್ಬೆರಳಲ್ಲಿ ಸವರಿಯೇ ಎಣಿಸಿ ಮುಗಿಸಿದ್ದ. "ಅಣುಸ್ಥಾವರ? ಬಾಂಬು?"

"ಅಪಘಾತ ಆದ ಜಾಗದವರ ಪಾಡು ಬೇರೆ, ಅದು ಘೋರ. ಪ್ರಪಂಚಕ್ಕೆಲ್ಲ ಹಂಚಿದ್ರೆ ಈಗ ವರ್ಷಕ್ಕೆ ಒಂದು ಹಾಳೆಯ ಮೂಲೆ ಹರಿದಷ್ಟು. ಹತ್ತು ಗಂಟೆ ವಿಮಾನದಲ್ಲಿ ಹೋದ್ರೆ ಅರ್ಧ ಹಾಳೆ."

"ನಾನೆಲ್ಲಿ ವಿಮಾನ ಹತ್ತೋನು. ಈ ಏಳು ಮೆಟ್ಟಿಲು ಹತ್ತೋ ಹೊತ್ತಿಗೇ ಸಾಕಾಗುತ್ತೆ."

"ಸಿ.ಟಿ. ಸ್ಕ್ಯಾನ್ ಮಾತ್ರ ದೊಡ್ಡದು. ಎದೆಯದಾದ್ರೆ ಐವತ್ತು ಅರವತ್ತು ಹಾಳೆ. ಅದಕ್ಕೇ 'ಬೇಕೇ ಬೇಕಾ' ಅಂತ ಡಾಕ್ಟರನ್ನ ಕೇಳ್ಬೇಕು. ಬೇಕು ಅಂದ್ರೆ ಬಿಡ್ಬಾರ್ದು."

"ಟವರ್‌ದು ಎಷ್ಟು ಹಾಳೆ? ಅದು ಹೇಳಿ."

"ಅದು ಈ ಕಂತೆಗೇ ಸೇರಲ್ಲ. ರೇಡಿಯೋ ಕೇಳಿಸುತ್ತಲ್ಲ, ಆ ಜಾತಿಯ ಅಲೆ. ಎಕ್ಸ್‌ರೇ ತರ ಮೈಯೊಳಗಿನದನ್ನ ಒಡೆಯೋ ಶಕ್ತಿ ಅದಕ್ಕಿಲ್ಲ. ಮಿತಿ ಮೀರಿದ್ಯಾ ಅಂತ ಅಳೆಸಿ, ತಪ್ಪೇನಿಲ್ಲ. ಆದ್ರೆ ಇಂಥ ಕಾಯಿಲೆ ಒಳಗೇ ಬೆಳೆಯೋಕೆ ವರ್ಷಗಟ್ಟಲೆ ಬೇಕು. ಟವರ್ ಬಂದ ವರ್ಷವೇ ನಿಮ್ಮಣ್ಣ ಮಲಗಿದ್ರು ಅಂದ್ರೆ, ಅದು ಎಷ್ಟು ಮೊದ್ಲೇ ಶುರುವಾಗಿತ್ತೋ ಯೋಚ್ನೆ ಮಾಡಿ."

ಬೈಂಡರ ಹಾಳೆಗಳನ್ನು ಟಪ್ ಎಂದು ಮೇಜಿಗೆ ಕುಕ್ಕಿದ.

"ಹಾಗಾದ್ರೆ ನಮ್ಮ ಮನೇನೇ ನಮ್ಮಣ್ಣನ್ನ ಕೊಂದಿದ್ದು ಅಂತೀರಾ? ನಮ್ಮಪ್ಪ ಕೊಟ್ಟ ಮನೆ ಇದು!"

"ಹಾಗಂದಿಲ್ಲ. ಅಳೆಯೋಣ ಅಂದೆ. ರೇಡಾನ್ ಅಳೆಯೋ ಈ ಡಬ್ಬಿ ಮೂರು ತಿಂಗಳು ಸುಮ್ನೆ ಇಲ್ಲಿ ಕೂತಿರುತ್ತೆ, ಅಷ್ಟೇ. ಅಕ್ಕನ ಎಕ್ಸ್‌ರೇ ಮಾತ್ರ ನಾಳೆನೇ ತೆಗೆಸಿ, ಕೈ ಮುಗೀತೀನಿ."

"ಯೋಚ್ನೆ ಮಾಡ್ತೀನಿ," ಎಂದ. ಯೋಚನೆ ಮಾಡುವವನ ಮುಖ ಅಲ್ಲ ಅದು. ಡಬ್ಬಿಯನ್ನೂ ಮುಟ್ಟಲಿಲ್ಲ. ಹೆಂಡತಿಯೇ ಎದ್ದು ಬಂದು, ಗೋಡೆ ಹಿಡಿದುಕೊಂಡು, ಅದನ್ನು ಮಂಚದ ಪಕ್ಕದ ಶೆಲ್ಫಿನ ಮೇಲೆ ಇಟ್ಟಳು.

ನಾಳೆ ಹೋಯಿತು, ನಾಡಿದ್ದು ಹೋಯಿತು. ಮಾತ್ರೆಗೆ ಜ್ವರ ಎರಡು ದಿನ ಇಳಿದು ಆಸೆ ತೋರಿಸಿತು, ಮತ್ತೆ ಏರಿತು. ಆರನೆಯ ವಾರ ಒಂದು ಮಧ್ಯಾಹ್ನ ಅವಳು ಪುಸ್ತಕದ ಬೆನ್ನು ಹೊಲಿಯುತ್ತ ಕೂತಲ್ಲೇ ಪಕ್ಕಕ್ಕೆ ವಾಲಿದಳು. ತುಟಿ ನೀಲಿಯಾಗಿತ್ತು. ಬೈಂಡರ ಅವಳನ್ನು ಎತ್ತಿಕೊಂಡು ಏಳು ಮೆಟ್ಟಿಲು ಹೇಗೆ ಹತ್ತಿದನೋ ಅವನಿಗೇ ನೆನಪಿಲ್ಲ.

ಆಸ್ಪತ್ರೆಯಲ್ಲಿ ಮೊದಲು ತೆಗೆದದ್ದೇ ಎಕ್ಸ್‌ರೇ. ಅವನನ್ನು ಯಾರೂ ಕೇಳಲಿಲ್ಲ, ಅವನಿಗೂ ಬೇಡ ಎನ್ನುವ ಧೈರ್ಯ ಉಳಿದಿರಲಿಲ್ಲ. ಕ್ಯಾನ್ಸರ್ ಅಲ್ಲ. ನ್ಯುಮೋನಿಯಾ ಜೋರಾಗಿ, ಶ್ವಾಸಕೋಶದ ಸುತ್ತ ಕೀವು ತುಂಬಿಕೊಂಡಿತ್ತು. ಪಕ್ಕೆಗೆ ತೂತು ಮಾಡಿ ಕೊಳವೆ ಹಾಕಿದರು.

"ಕೆಮ್ಮು ಎಷ್ಟು ದಿನದಿಂದ?" ಡಾಕ್ಟರು ಕೇಳಿದರು.

"ಆರು ವಾರ."

"ಯಾರೂ ಎಕ್ಸ್‌ರೇ ಬರೆದುಕೊಡಲಿಲ್ವಾ?"

"ಬರೆದಿದ್ರು. ನಾನೇ ಬೇಡ ಅಂದೆ."

"ಆಗಲೇ ತೆಗೆಸಿದ್ರೆ ಬೇರೆ ಮಾತ್ರೆ ಕೊಟ್ಟು ಮನೇಲೇ ವಾಸಿ ಮಾಡಬಹುದಿತ್ತೇನೋ," ಎಂದು ಡಾಕ್ಟರು ಮುಂದಿನ ಹಾಸಿಗೆಗೆ ಹೋದರು.

ಮೂರು ವಾರದಲ್ಲಿ ಅವಳಿಗೆ ಎಂಟು ಎಕ್ಸ್‌ರೇ, ಒಂದು ಸಿ.ಟಿ. ಸ್ಕ್ಯಾನ್ ಆಯಿತು. ಒಂದು ಹಾಳೆಗೆ ಹೆದರಿ ಕೂತಿದ್ದವನು ಅರವತ್ತಕ್ಕೂ ಮೇಲೆ ಹಾಳೆ ಎಣಿಸಿದ. ಅವು ಯಾವುವೂ ಅವಳನ್ನು ಕೊಲ್ಲಲಿಲ್ಲ, ಉಳಿಸಿದವು. ಆದರೆ ಎಡಗಡೆಯ ಶ್ವಾಸಕೋಶ ಮೊದಲಿನಂತಾಗಲಿಲ್ಲ. ಈಗ ಮೂರು ಮೆಟ್ಟಿಲಿಗೊಮ್ಮೆ ನಿಲ್ಲುತ್ತಾಳೆ. ಜೋರಾಗಿ ನಗುವುದಕ್ಕೂ ಉಸಿರು ಸಾಲುವುದಿಲ್ಲ.

ಮೂರು ತಿಂಗಳು ತುಂಬಿದಾಗ ನರ್ಸಮ್ಮ ಡಬ್ಬಿ ತೆಗೆದುಕೊಂಡು ಹೋದರು. ಇನ್ನೆರಡು ವಾರಕ್ಕೆ ಒಂದು ಕಾಗದ ಹಿಡಿದು ಬಂದರು. ಗಾಳಿಯಲ್ಲಿ ರೇಡಾನ್ ಎಷ್ಟಿದೆ ಎಂದು ಅಳೆಯುವ ಲೆಕ್ಕದಲ್ಲಿ ನೂರರ ಒಳಗಿದ್ದರೆ ಒಳ್ಳೆಯದು, ಮುನ್ನೂರು ದಾಟಲೇಬಾರದು. ಇವರ ಮನೆಯಲ್ಲಿ ಆರುನೂರ ನಲವತ್ತು.

"ಹಾಳೆ ಲೆಕ್ಕದಲ್ಲಿ ಹೇಳಿ," ಎಂದ ಬೈಂಡರ.

"ದಿನವಿಡೀ ಇಲ್ಲೇ ಇರೋರಿಗೆ ವರ್ಷಕ್ಕೆ ನೂರೈವತ್ತಕ್ಕೂ ಮೇಲೆ."

ಅವನು ರಟ್ಟು ಕೊಯ್ಯುವ ಚಾಕು ತೆಗೆದುಕೊಂಡು ಕಿಟಕಿಯ ಹತ್ತಿರ ಹೋದ. ತಾನೇ ಅಂಟಿಸಿದ ಪಟ್ಟಿ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಕೊಯ್ದ, ಕಿತ್ತ, ಉಗುರು ಮುರಿದುಕೊಂಡ. ರಟ್ಟು ಕೆಳಗೆ ಬಿತ್ತು. ಬೀದಿಯ ಗಾಳಿ ನುಗ್ಗಿ ಬಿಡಿ ಹಾಳೆಗಳೆಲ್ಲ ನೆಲದ ತುಂಬ ಹಾರಿದವು. ಅವನು ಹೆಕ್ಕಲು ಬಗ್ಗಲಿಲ್ಲ, ಅಲ್ಲೇ ಕುಸಿದು ಕೂತ.

"ಅಣ್ಣ ಕೇಳಿದ್ದ, ನರ್ಸಮ್ಮ."

"ಏನು ಕೇಳಿದ್ರು?"

"ಕೊನೇ ತಿಂಗಳು. 'ತಮ್ಮಾ, ಉಸಿರು ಕಟ್ತಿದೆ, ಆ ಕಿಟಕಿ ತೆಗಿಯೋ' ಅಂದ. ದಿನಾ ಅಂದ. ನಾನು 'ಸುಮ್ನಿರಣ್ಣ, ನಿನ್ನ ಒಳ್ಳೇದಕ್ಕೇ' ಅಂತ ಇನ್ನೊಂದು ಪಟ್ಟಿ ಅಂಟಿಸ್ದೆ."

ನರ್ಸಮ್ಮ ಅವನ ಪಕ್ಕ ನೆಲದ ಮೇಲೇ ಕೂತರು. "ಆಗ ಕಿಟಕಿ ತೆಗ್ದಿದ್ರೂ ಅವರು ಉಳೀತಿರ್ಲಿಲ್ಲ ಬೈಂಡರಣ್ಣ. ಅವರ ಕಾಯಿಲೆಗೆ ಈ ಗಾಳೀನೇ ಕಾರಣ ಅಂತಾನೂ ಯಾರೂ ಖಚಿತವಾಗಿ ಹೇಳೋಕಾಗಲ್ಲ."

"ಉಳೀತಿರ್ಲಿಲ್ಲ, ಗೊತ್ತು. ಅವನು ಜೀವ ಕೇಳ್ಲಿಲ್ವಲ್ಲ ನರ್ಸಮ್ಮ. ಗಾಳಿ ಕೇಳ್ದ."

ಹೆಂಡತಿ ಬಂದು ಅವನ ತಲೆಯ ಮೇಲೆ ಕೈಯಿಟ್ಟಳು. ಆ ವಾರವೇ ಮಂಚವನ್ನು ಮೇಲಿನ ಮಹಡಿಯ ಬಾಡಿಗೆ ಕೋಣೆಗೆ ಸಾಗಿಸಿದರು. ನೆಲದ ಬಿರುಕಿಗೆಲ್ಲ ಸಿಮೆಂಟು ಹಾಕಿಸಿದರು, ನೆಲದಡಿಯ ಗಾಳಿಯನ್ನು ಹೊರಗೆ ಎಳೆಯುವ ಕೊಳವೆ, ಫ್ಯಾನು ಹಾಕಿಸಿದರು. ಮುಂದಿನ ಅಳತೆ ತೊಂಬತ್ತಕ್ಕೆ ಇಳಿಯಿತು. ಸಹಿ ಮಾಡಿದ್ದ ಇನ್ನೂರು ಮನೆಗಳಿಗೂ ಬೈಂಡರ ಈಗ ಮತ್ತೆ ಹೋಗುತ್ತಿದ್ದಾನೆ, ಟವರ್ ವಿಷಯಕ್ಕಲ್ಲ, ನೆಲಮಾಳಿಗೆ ಇದ್ದವರು ಅಳೆಸಿ ಎಂದು ಹೇಳುವುದಕ್ಕೆ. ಕೆಲವರು ಬಾಗಿಲು ಹಾಕಿಕೊಳ್ಳುತ್ತಾರೆ. ಅವರ ಮೇಲೆ ಅವನಿಗೆ ಸಿಟ್ಟು ಬರುವುದಿಲ್ಲ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ವಿಕಿರಣ ಇಲ್ಲದ ಮನೆ ಭೂಮಿಯ ಮೇಲೆ ಇಲ್ಲ. ಎಲ್ಲಿಂದ, ಎಷ್ಟು ಎಂದು ಕೇಳಿ ತಿಳಿಯಿರಿ. ನೆಲಮಾಳಿಗೆಯಲ್ಲೋ ನೆಲಕ್ಕಂಟಿದ ಮುಚ್ಚಿದ ಕೋಣೆಯಲ್ಲೋ ದಿನ ಕಳೆಯುವವರು, ರೇಡಾನ್ ಅಳೆಸಲು ಸಾಧ್ಯವೇ ಎಂದು ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಸಿಗರೇಟು ಸೇದುವವರಿಗೆ ಅದರ ಅಪಾಯ ಎಷ್ಟೋ ಪಾಲು ಹೆಚ್ಚು, ದಯವಿಟ್ಟು ಬಿಡಿ. ಡಾಕ್ಟರು ಎಕ್ಸ್‌ರೇ ಬೇಕು ಎಂದರೆ ಇವತ್ತೇ ತೆಗೆಸಿ. ಮತ್ತೆ, ಮನೆಯಲ್ಲಿ ಮಲಗಿದವರು ಉಸಿರು ಕಟ್ಟುತ್ತಿದೆ, ಕಿಟಕಿ ತೆಗಿ ಎಂದರೆ, ವಾದ ಮಾಡಬೇಡಿ. ಎದ್ದು ಹೋಗಿ ತೆಗೆಯಿರಿ.